ವಾಲಿದ ಅಕ್ಷರಗಳ ವೃತ್ತಾಂತ

ಮದುವೆಯ ಕರೆಯೋಲೆ ಮನೆಗೆ ಬಂದಾಗ ಅದರ ಇಂಗ್ಲಿಷ್ ಮಗ್ಗುಲನ್ನು ಒಮ್ಮೆ ಗಮನವಿಟ್ಟು ನೋಡಿ. ವಧೂವರರ ಹೆಸರು ನೆಟ್ಟಗೆ ನಿಂತ ಅಕ್ಷರಗಳಲ್ಲಿ ಇರುವುದು ಅಪರೂಪ. ಕೊಂಚ ಬಲಕ್ಕೆ ವಾಲಿದ, ತಲೆಯಲ್ಲೂ ಪಾದದಲ್ಲೂ ಸಣ್ಣ ಬಳುಕಿರುವ, ಯಾರೋ ನಾಜೂಕಿನ ಕೈಯವರು ಲೇಖನಿಯನ್ನು ಶಾಯಿಯಲ್ಲಿ ಅದ್ದಿ ಬರೆದಂತೆ ಕಾಣುವ ಅಕ್ಷರಗಳು ಅಲ್ಲಿರುತ್ತವೆ. ಶಾಲೆಯ ಪ್ರಶಸ್ತಿಪತ್ರ, ಸನ್ಮಾನದ ಬಿನ್ನವತ್ತಳೆ, ದೊಡ್ಡ ಹೋಟೆಲಿನ ತಿನಿಸುಪಟ್ಟಿ, ಕವನಸಂಕಲನದ ಅರ್ಪಣೆಯ ಪುಟ ಮುಂತಾದ ಕಡೆಗಳಲ್ಲೂ ಇದೇ ಅಕ್ಷರ. ಅದೇ ಮಾತನ್ನು ರೈಲ್ವೆ ವೇಳಾಪಟ್ಟಿಯಲ್ಲೋ ಔಷಧದ ಸೀಸೆಯ ಮೇಲೋ ಈ ಅಕ್ಷರದಲ್ಲಿ ಅಚ್ಚು ಹಾಕಿದರೆ ನಗು ಬಂದೀತು. ಅಕ್ಷರವೊಂದಕ್ಕೆ ಹೀಗೆ ಒಂದು ಸ್ವಭಾವ, ಒಂದು ಮರ್ಯಾದೆ, ಒಂದು ಜಾಗ ಅಂಟಿಕೊಂಡದ್ದು ಹೇಗೆ?

ಇದಕ್ಕೆ ಇಟಾಲಿಕ್ ಎಂದು ಹೆಸರು. ನೆಟ್ಟಗಿರುವ ಅಕ್ಷರವನ್ನು ಬಲಕ್ಕೆ ಬಗ್ಗಿಸಿದರೆ ಇಟಾಲಿಕ್ ಆಯಿತು ಎಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. ಅದು ಪೂರ್ತಿ ಸರಿಯಲ್ಲ. ಇಂಗ್ಲಿಷಿನ ಚಿಕ್ಕ ‘ಎ’ ಅಕ್ಷರವನ್ನೇ ತೆಗೆದುಕೊಳ್ಳಿ. ಪುಸ್ತಕದ ಸಾಮಾನ್ಯ ಅಚ್ಚಿನಲ್ಲಿ, ಅಂದರೆ ರೋಮನ್ ಎಂದು ಕರೆಯುವ ನೆಟ್ಟಗಿನ ಅಕ್ಷರದಲ್ಲಿ, ಅದಕ್ಕೆ ಕೆಳಗೊಂದು ಹೊಟ್ಟೆ, ಅದರ ಮೇಲೆ ಕೊಡೆಯ ಹಿಡಿಯಂಥ ಒಂದು ಬಾಗು. ಇಟಾಲಿಕ್‌ನಲ್ಲಿ ಆ ಬಾಗು ಮಾಯವಾಗಿ ಹೊಟ್ಟೆ ಮತ್ತು ಒಂದು ಕಾಲು ಮಾತ್ರ ಉಳಿಯುತ್ತದೆ; ನಾವು ಕೈಯಲ್ಲಿ ಬರೆಯುವುದೂ ಹಾಗೆಯೇ. ‘ಎಫ್’ ಅಕ್ಷರ ರೋಮನ್ನಿನಲ್ಲಿ ಗೆರೆಯ ಮೇಲೆ ನಿಂತರೆ, ಇಟಾಲಿಕ್‌ನಲ್ಲಿ ಗೆರೆಯ ಕೆಳಕ್ಕೂ ಬಾಲ ಬಿಡುತ್ತದೆ. ಅಕ್ಷರದ ತುದಿಗಳಲ್ಲಿರುವ ಸಣ್ಣ ಚಾಚುಗಳಿಗೆ ಸೆರಿಫ್ ಎನ್ನುತ್ತಾರೆ. ರೋಮನ್ನಿನಲ್ಲಿ ಅವು ಕಂಬದ ಬುಡದ ಪೀಠದಂತೆ ಎರಡೂ ಕಡೆ ಚಪ್ಪಟೆಯಾಗಿ ಚಾಚಿರುತ್ತವೆ. ಇಟಾಲಿಕ್‌ನಲ್ಲಿ ಅವು ಲೇಖನಿ ಕಾಗದವನ್ನು ಮುಟ್ಟಿದ ಮತ್ತು ಬಿಟ್ಟುಹೋದ ಗುರುತುಗಳು, ಅಷ್ಟೆ. ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಕಡೆಗೆ ಕೈಚಾಚಿರುತ್ತದೆ. ವಾಲುವುದು ಇಲ್ಲಿ ಗೌಣ. ಓಡುತ್ತಿರುವ ಕೈಯೊಂದು ಅದರೊಳಗಿದೆ ಎನ್ನುವುದೇ ಮುಖ್ಯ.

ಆ ಕೈ ಯಾರದು ಎಂದು ಹುಡುಕಿದರೆ ನಾವು ಹದಿನೈದನೆಯ ಶತಮಾನದ ಫ್ಲಾರೆನ್ಸ್ ನಗರಕ್ಕೆ ಹೋಗಬೇಕಾಗುತ್ತದೆ. ಗ್ರೀಕ್ ಮತ್ತು ಲ್ಯಾಟಿನ್ ಕೃತಿಗಳ ಹಳೆಯ ಹಸ್ತಪ್ರತಿಗಳನ್ನು ಮಠಗಳ ಮೂಲೆಗಳಿಂದ ಹುಡುಕಿ ತೆಗೆಯುವ ಹುಚ್ಚು ಅಲ್ಲಿನ ವಿದ್ವಾಂಸರಿಗೆ ಹಿಡಿದಿದ್ದ ಕಾಲ ಅದು. ಅವರಲ್ಲೊಬ್ಬ ಪೊಜ್ಜೊ ಬ್ರಾಚೊಲೀನಿ. ಆಗ ಯೂರೋಪಿನಲ್ಲಿ ರೂಢಿಯಲ್ಲಿದ್ದ ಕಪ್ಪುಗಟ್ಟಿದ, ಮೊನಚಾದ ಗಾಥಿಕ್ ಬರಹವನ್ನು ಬಿಟ್ಟು, ಹಳೆಯ ಪ್ರತಿಗಳಲ್ಲಿ ಕಂಡ ದುಂಡನೆಯ ಸ್ಪಷ್ಟ ಬರಹವನ್ನು ಆತ ಮತ್ತೆ ರೂಢಿಗೆ ತಂದ. ಇಂದಿನ ರೋಮನ್ ಅಚ್ಚಿನ ಮೂಲ ಅದೇ. ಆದರೆ ಆ ಬರಹ ನಿಧಾನದ್ದು; ಒಂದೊಂದು ಅಕ್ಷರಕ್ಕೂ ಲೇಖನಿಯನ್ನು ಎರಡು ಮೂರು ಸಲ ಎತ್ತಬೇಕು. ಪೊಜ್ಜೊನ ಗೆಳೆಯ ನಿಕೊಲೊ ನಿಕೊಲಿಗೆ (1364-1437) ಅಷ್ಟು ತಾಳ್ಮೆ ಇರಲಿಲ್ಲ ಎಂದು ತೋರುತ್ತದೆ. ಸುಮಾರು 1420ರ ದಶಕದಲ್ಲಿ ಆತ ಅದೇ ಅಕ್ಷರಗಳನ್ನು ಬೇಗ ಬೇಗ, ಕೈ ಎತ್ತದೆ, ಒಂದಕ್ಕೊಂದು ತಾಗಿಸಿ ಬರೆಯತೊಡಗಿದ. ಬೇಗ ಬರೆಯುವ ಬಲಗೈ ಅಕ್ಷರವನ್ನು ತಾನಾಗಿಯೇ ಬಲಕ್ಕೆ ವಾಲಿಸುತ್ತದೆ. 1417ರಲ್ಲಿ ಪೊಜ್ಜೊ ಪತ್ತೆಹಚ್ಚಿದ ಲುಕ್ರೀಶಿಯಸ್ ಕವಿಯ ಕಾವ್ಯವನ್ನು ನಿಕೊಲಿ ಸ್ವಂತ ಕೈಯಲ್ಲಿ ನಕಲು ಮಾಡಿಕೊಂಡ ಪ್ರತಿ ಫ್ಲಾರೆನ್ಸಿನ ಲಾರೆಂಜಿಯನ್ ಗ್ರಂಥಾಲಯದಲ್ಲಿ ಈಗಲೂ ಇದೆ. ಸುಮಾರು ಎಂಟುನೂರು ಹಸ್ತಪ್ರತಿಗಳನ್ನು ಕೂಡಿಟ್ಟ ಈ ಮನುಷ್ಯನನ್ನು ಇಂದು ನೆನೆಯುವುದು ಅವನ ಕೈಬರಹಕ್ಕಾಗಿ.

ವಿದ್ವಾಂಸನೊಬ್ಬನ ಖಾಸಗಿ ಬರಹ ಸರ್ಕಾರಿ ಬರಹವಾದದ್ದು ಮುಂದಿನ ಹಂತ. ರೋಮಿನಲ್ಲಿ ಪೋಪರ ಕಾರ್ಯಾಲಯದ ಲಿಪಿಕಾರರು ದಿನವೂ ನೂರಾರು ಕಾಗದ ಬರೆಯಬೇಕಿತ್ತು. ಬೇಗ ಬರೆಯಬೇಕು, ಓದಲೂ ಬರಬೇಕು, ನೋಡಿದವರಿಗೆ ಗೌರವವೂ ಹುಟ್ಟಬೇಕು. ನಿಕೊಲಿಯ ಶೈಲಿ ಈ ಮೂರಕ್ಕೂ ಒದಗಿತು. ಕಾರ್ಯಾಲಯದ ಬರಹ ಎಂಬ ಅರ್ಥದಲ್ಲಿ ಅದಕ್ಕೆ ‘ಕಾಂಚೆಲರೆಸ್ಕ’ ಎಂಬ ಹೆಸರು ಬಂತು. ಇಂಗ್ಲಿಷರು ಚಾನ್ಸರಿ ಎಂದರು. ಬರೆಯುತ್ತಿದ್ದುದು ಹೆಬ್ಬಾತಿನ ಗರಿಯಿಂದ. ಅದರ ತುದಿಯನ್ನು ಉಳಿಯ ಬಾಯಿಯಂತೆ ಅಗಲವಾಗಿ ಕತ್ತರಿಸಿ, ಓರೆಯಾಗಿ ಹಿಡಿದು ಎಳೆದರೆ, ಒತ್ತಡ ಹಾಕದೆಯೇ ಒಂದು ದಿಕ್ಕಿನ ಗೆರೆ ದಪ್ಪ, ಇನ್ನೊಂದು ದಿಕ್ಕಿನದು ತೆಳು. ಚಾನ್ಸರಿ ಅಕ್ಷರದ ಸೊಗಸೆಲ್ಲ ಈ ಗರಿಯ ಬಾಯಲ್ಲಿದೆ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದ ನಮ್ಮ ಅಕ್ಷರಗಳಲ್ಲಿ ಈ ದಪ್ಪ-ತೆಳುವಿನ ಆಟಕ್ಕೆ ಎಡೆಯಿರಲಿಲ್ಲ. ನಮ್ಮದು ದುಂಡುತನದ ಸೊಗಸು.

ಇನ್ನು ಅಚ್ಚಿನ ಮಾತು. ವೆನಿಸ್ ನಗರದಲ್ಲಿ ಆಲ್ಡಸ್ ಮನೂಟಿಯಸ್ ಎಂಬ ವಿದ್ವಾಂಸ 1490ರ ದಶಕದಲ್ಲಿ ಮುದ್ರಣಾಲಯ ತೆರೆದ. 1500ರಲ್ಲಿ ಆತ ಪ್ರಕಟಿಸಿದ ಸಿಯೆನಾದ ಸಂತ ಕ್ಯಾಥರೀನಳ ಪತ್ರಗಳ ಸಂಪುಟದಲ್ಲಿ ಒಂದು ಚಿತ್ರವಿದೆ. ಚಿತ್ರದ ಸಂತಳ ಕೈಯಲ್ಲಿರುವ ಪುಸ್ತಕದ ಮೇಲೆ ಕೆಲವೇ ಕೆಲವು ಪದಗಳು ಹೊಸ ಬಗೆಯ ವಾಲಿದ ಅಕ್ಷರದಲ್ಲಿವೆ. ಅದು ಪ್ರಯೋಗ. 1501ರ ಏಪ್ರಿಲಿನಲ್ಲಿ ಅದೇ ಅಕ್ಷರದಲ್ಲಿ ವರ್ಜಿಲ್ ಕವಿಯ ಕಾವ್ಯಗಳ ಇಡೀ ಪುಸ್ತಕ ಹೊರಬಂತು. ಅದುವರೆಗೆ ಇಂಥ ಕೃತಿಗಳು ವ್ಯಾಖ್ಯಾನ ಸಮೇತ ಮೇಜಿನ ಮೇಲಿಟ್ಟು ಓದುವ ಭಾರಿ ಗ್ರಂಥಗಳಾಗಿರುತ್ತಿದ್ದವು. ಆಲ್ಡಸ್ ವ್ಯಾಖ್ಯಾನವನ್ನು ಕೈಬಿಟ್ಟ. ಹಾಳೆಯನ್ನು ಎಂಟು ಎಲೆಗಳಾಗಿ ಮಡಿಸಿದ. ನಮ್ಮ ಪ್ರಕಾಶಕರು ಕ್ರೌನ್ 1/8, ಡೆಮಿ 1/8 ಎನ್ನುವಾಗಿನ ಎಂಟನೆಯ ಒಂದು ಅದೇ. ಕುದುರೆಯ ಮೇಲೋ ದೋಣಿಯಲ್ಲೋ ಹೋಗುವವರು ಜೊತೆಗೆ ಒಯ್ಯಬಹುದಾದ ಪುಸ್ತಕ ಹುಟ್ಟಿತು.

ಕಾಗದ ಉಳಿಸಲೆಂದೇ ಇಟಾಲಿಕ್ ಹುಟ್ಟಿತು ಎಂದು ಎಷ್ಟೋ ಪುಸ್ತಕಗಳು ಹೇಳುತ್ತವೆ. ನನಗೆ ಅದು ಅರ್ಧ ಸತ್ಯವೆನ್ನಿಸುತ್ತದೆ. ಪುಸ್ತಕ ಚಿಕ್ಕದಾದದ್ದು ಮುಖ್ಯವಾಗಿ ಮಡಿಕೆಯಿಂದ ಮತ್ತು ವ್ಯಾಖ್ಯಾನ ಬಿಟ್ಟದ್ದರಿಂದ. ಕೊಳ್ಳುವವರು ವಿದ್ವಾಂಸರು, ರಾಯಭಾರಿಗಳು, ಶ್ರೀಮಂತರ ಮಕ್ಕಳು. ಅವರು ತಮ್ಮ ತಮ್ಮಲ್ಲಿ ಬರೆಯುತ್ತಿದ್ದ ಬರಹ ಈ ಚಾನ್ಸರಿಯೇ. ಆಪ್ತನೊಬ್ಬ ತನಗಾಗಿ ನಕಲು ಮಾಡಿಕೊಟ್ಟ ಕಾವ್ಯದಂತೆ ಆ ಪುಸ್ತಕ ಅವರ ಕೈಗೆ ಬಂದಿರಬೇಕು.

ಗರಿಯಲ್ಲಿ ಬರೆದದ್ದನ್ನು ಸೀಸದಲ್ಲಿ ಹಿಡಿಯುವುದು ಸುಲಭವಲ್ಲ. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೊರೆದು, ಅದನ್ನು ತಾಮ್ರದ ತುಂಡಿಗೆ ಬಡಿದು ಅಚ್ಚು ಮಾಡಿ, ಅದರೊಳಗೆ ಕರಗಿದ ಲೋಹ ಹೊಯ್ದು ಮೊಳೆ ಎರಕ ತೆಗೆಯಬೇಕು. ಮೊಳೆಯ ಮೈ ನೆಟ್ಟಗಿನ ಚೌಕ. ವಾಲಿದ ಅಕ್ಷರದ ತಲೆ ಚೌಕದ ಆಚೆ ಚಾಚಿದರೆ ಪಕ್ಕದ ಮೊಳೆಗೆ ತಾಗಿ ಮುರಿಯುತ್ತದೆ. ಹಾಗಾಗಿ ಮೊಳೆ ಕೊರೆಯುವವನು ವಾಲಿಕೆಯನ್ನು ಮಿತವಾಗಿ ಇಟ್ಟುಕೊಂಡು, ಜೋಡಿ ಅಕ್ಷರಗಳನ್ನು ಒಂದೇ ಮೊಳೆಯಲ್ಲಿ ಕೊರೆದ. ಅಂಥ ಜೋಡಿಗಳೇ ಅರವತ್ತಕ್ಕೂ ಹೆಚ್ಚು. ಒತ್ತಕ್ಷರಗಳ ಮೊಳೆಗಳೊಂದಿಗೆ ಹೆಣಗಿದ ನಮ್ಮ ಹಳೆಯ ಅಚ್ಚುಕೂಟದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡಕ್ಷರಗಳನ್ನು ಮಾತ್ರ ಅವನು ವಾಲಿಸಲಿಲ್ಲ. 1501ರ ವರ್ಜಿಲ್‌ನಲ್ಲಿ ಪ್ರತಿ ಸಾಲಿನ ಮೊದಲಿಗೂ ಒಂದು ಪುಟ್ಟ ದೊಡ್ಡಕ್ಷರ ಪಹರೆಯವನಂತೆ ನೆಟ್ಟಗೆ ನಿಂತಿದೆ, ಹಿಂದೆ ಬಳುಕುವ ಸಾಲು ಬರುತ್ತದೆ.

ಆ ಮೊಳೆ ಕೊರೆದವನು ಫ್ರಾನ್ಚೆಸ್ಕೊ ಗ್ರಿಫೊ, ಬೊಲೋನ್ಯ ಊರಿನ ಅಕ್ಕಸಾಲಿಗ ಮನೆತನದವನು. ವರ್ಜಿಲ್ ಪುಸ್ತಕದ ಆರಂಭದಲ್ಲಿ ಆಲ್ಡಸ್ ಅವನ ಕೈಚಳಕವನ್ನು ಹೊಗಳಿ ಮೂರು ಸಾಲಿನ ಪದ್ಯ ಅಚ್ಚು ಹಾಕಿದ. ಹೊಗಳಿಕೆ ಅಲ್ಲಿಗೆ ಮುಗಿಯಿತು. 1502ರಲ್ಲಿ ವೆನಿಸ್ಸಿನ ಸೆನೆಟ್ಟೂ ಪೋಪ್ ಆರನೆಯ ಅಲೆಕ್ಸಾಂಡರನೂ ಈ ಅಕ್ಷರ ಬಳಸುವ ವಿಶೇಷ ಹಕ್ಕನ್ನು ಕೊಟ್ಟದ್ದು ಆಲ್ಡಸ್‌ಗೆ. ಕೊರೆದವನೇ ತನ್ನ ಅಕ್ಷರವನ್ನು ಇನ್ನೊಬ್ಬ ಮುದ್ರಕನಿಗೆ ಕೊಟ್ಟರೂ ಅಪರಾಧವೆಂಬ ಸ್ಥಿತಿ ಬಂತು. ಗ್ರಿಫೊ ಮುನಿದು ವೆನಿಸ್ ಬಿಟ್ಟ. ಫಾನೊ ಎಂಬ ಊರಿನಲ್ಲಿ ಗೆರ್ಶೋಮ್ ಸೊನ್ಚೀನೊ ಎಂಬ ಯಹೂದಿ ಮುದ್ರಕ ಅವನನ್ನು ಬರಮಾಡಿಕೊಂಡು, ಅವನ ಹೊಸ ಇಟಾಲಿಕ್‌ನಲ್ಲಿ 1503ರಲ್ಲಿ ಪೆಟ್ರಾರ್ಕ್ ಕವಿಯ ಕೃತಿಯನ್ನು ಪ್ರಕಟಿಸಿದ. ಅದರ ಅರ್ಪಣೆಯ ಮಾತಿನಲ್ಲಿ, ಈ ಅಕ್ಷರವನ್ನು ನಿಜವಾಗಿ ಕಂಡುಹಿಡಿದವನು ಬೊಲೋನ್ಯದ ಫ್ರಾನ್ಚೆಸ್ಕೊ, ಬೇರೆಯವರು ಅವನ ಗರಿಗಳನ್ನು ಸಿಕ್ಕಿಸಿಕೊಂಡು ಮೆರೆಯುತ್ತಿದ್ದಾರೆ ಎಂಬ ಅರ್ಥದಲ್ಲಿ ಸೊನ್ಚೀನೊ ನೇರವಾಗಿ ಬರೆದ. ತಮಾಷೆಯೆಂದರೆ ಆ ಪುಸ್ತಕ ಅರ್ಪಿತವಾದದ್ದು ಸೆಸಾರೆ ಬೋರ್ಜಿಯಾನಿಗೆ, ಅಂದರೆ ಆಲ್ಡಸ್‌ಗೆ ಹಕ್ಕು ಬರೆದುಕೊಟ್ಟ ಪೋಪನ ಮಗನಿಗೇ!

ಗ್ರಿಫೊನ ಕೊನೆಗಾಲ ದುಃಖದ್ದು. ಬೊಲೋನ್ಯಕ್ಕೆ ಮರಳಿ 1516ರ ಸುಮಾರಿಗೆ ತಾನೇ ಪುಟ್ಟ ಪುಟ್ಟ ಪುಸ್ತಕಗಳನ್ನು ಅಚ್ಚು ಹಾಕಿದ. ಮನೆಯ ಜಗಳವೊಂದರಲ್ಲಿ ಕಬ್ಬಿಣದ ಸರಳಿನಿಂದ ಅಳಿಯನನ್ನು ಹೊಡೆದು ಕೊಂದನೆಂಬ ಆರೋಪ ಅವನ ಮೇಲೆ ಬಂತು. ಅಲ್ಲಿಂದಾಚೆಗೆ ದಾಖಲೆಗಳಲ್ಲಿ ಅವನ ಸುಳಿವಿಲ್ಲ. ಇಟಲಿಯಲ್ಲಿ ಈ ಅಕ್ಷರಕ್ಕೆ ‘ಆಲ್ಡೀನೊ’ ಎಂಬ ಹೆಸರೂ ಬಳಕೆಗೆ ಬಂತು. ಯಜಮಾನನ ಹೆಸರು ಉಳಿಯಿತು. ಹೊರದೇಶದವರು ಇಟಲಿಯದು ಎಂಬರ್ಥದಲ್ಲಿ ಇಟಾಲಿಕ್ ಎಂದರು. ಆಲ್ಡಸ್ ಕಾಪಾಡಿಕೊಂಡ ಹಕ್ಕೂ ಬಹಳ ದಿನ ನಡೆಯಲಿಲ್ಲ. ಫ್ರಾನ್ಸಿನ ಲಿಯಾನ್ ನಗರದ ಮುದ್ರಕರು ಅವನ ಪುಸ್ತಕಗಳನ್ನು ಅಕ್ಷರ ಸಮೇತ ನಕಲು ಮಾಡಿದರು. 1503ರ ಮಾರ್ಚಿನಲ್ಲಿ ಆತ ನಕಲಿ ಪುಸ್ತಕಗಳನ್ನು ಗುರುತಿಸುವ ಬಗೆಯನ್ನು ವಿವರಿಸಿ, ಅವುಗಳಲ್ಲಿನ ತಪ್ಪುಗಳ ಪಟ್ಟಿಯನ್ನೇ ಪ್ರಕಟಿಸಿದ. ಲಿಯಾನಿನವರು ಆ ಪಟ್ಟಿಯನ್ನು ಕರಡು ತಿದ್ದುವುದಕ್ಕೆ ಬಳಸಿಕೊಂಡರು ಎಂದು ಹೇಳುತ್ತಾರೆ.

ಗ್ರಿಫೊನ ಇಟಾಲಿಕ್ ಚಿಕ್ಕದು, ಇಕ್ಕಟ್ಟಿನದು, ಸ್ವಲ್ಪ ಗಡಿಬಿಡಿಯದು. ಕರೆಯೋಲೆಯಲ್ಲಿ ನಾವು ನೋಡುವ ಸೊಗಸುಗಾರ ಅಕ್ಷರದ ನಿಜವಾದ ಪೂರ್ವಜ ಬೇರೊಬ್ಬನ ಕೈಯಿಂದ ಬಂತು. ಲುಡೊವಿಕೊ ದೆಲಿ ಆರಿಗಿ ಎಂಬಾತ ರೋಮಿನಲ್ಲಿ ಪೋಪರ ಕಾರ್ಯಾಲಯದ ಲಿಪಿಕಾರನಾಗಿದ್ದ. 1522ರ ಇಸವಿ ಹೊತ್ತ ‘ಲಾ ಓಪೆರೀನ’ ಎಂಬ 32 ಪುಟಗಳ ಅವನ ಕಿರುಪುಸ್ತಕ ಚಾನ್ಸರಿ ಬರಹವನ್ನು ಜನಸಾಮಾನ್ಯರಿಗೆ ಕಲಿಸುವ ಮೊದಲ ಕೈಪಿಡಿ. ಗರಿಯನ್ನು ಹೇಗೆ ಆಡಿಸಬೇಕು, ಯಾವ ಅಕ್ಷರಕ್ಕೆ ಯಾವ ಗೆರೆ ಮೊದಲು, ಅಕ್ಷರಗಳ ನಡುವೆ ಎಷ್ಟು ತೆರವು ಎಂಬುದನ್ನೆಲ್ಲ ಆ ಬರಹದಲ್ಲೇ ಬರೆದು ತೋರಿಸಿದ್ದಾನೆ. ಪುಟ ಪುಟವನ್ನೂ ಮರದ ಹಲಗೆಯಲ್ಲಿ ಕೆತ್ತಿದವನು ಉಗೊ ದ ಕಾರ್ಪಿ. ಗರಿಯ ತೆಳುಗೆರೆಯನ್ನು ಮರದಲ್ಲಿ ಉಳಿಸಿದ ಆ ಕೆತ್ತನೆ ಈಗಲೂ ಬೆರಗು ಹುಟ್ಟಿಸುತ್ತದೆ.

1524ರಲ್ಲಿ ಆರಿಗಿ ಲೌಟಿಸಿಯೊ ಎಂಬ ಮುದ್ರೆ ಕೆತ್ತುವ ಕುಶಲಿಗನೊಂದಿಗೆ ಸೇರಿ ಮುದ್ರಣಕ್ಕೆ ಇಳಿದ. ಅವರ ಇಟಾಲಿಕ್ ಗ್ರಿಫೊನದಕ್ಕಿಂತ ದೊಡ್ಡದು, ಸಾಲುಗಳ ನಡುವೆ ಗಾಳಿಯಾಡುವಷ್ಟು ಜಾಗ, ಮೇಲಕ್ಕೇರುವ ಅಕ್ಷರಗಳ ತುದಿ ಗಾಳಿಗೆ ಬಾಗಿದ ತೆನೆಯಂತೆ ಬಲಕ್ಕೆ ಬಾಗಿದೆ. ಆ ಅಕ್ಷರದಲ್ಲಿ ಅಚ್ಚಾದದ್ದು ಬಹುಪಾಲು ಸಮಕಾಲೀನರ ಕಿರುಹೊತ್ತಿಗೆಗಳು. ತ್ರಿಸಿನೊ ಎಂಬ ಕವಿ ಇಟಾಲಿಯನ್ ಭಾಷೆಗೆ ಗ್ರೀಕಿನಿಂದ ಕೆಲವು ಅಕ್ಷರಗಳನ್ನು ತಂದು ಸೇರಿಸಬೇಕೆಂದು ಹಟ ಹಿಡಿದಿದ್ದ. ಅವನ ಕೃತಿಗಳನ್ನು ಆ ಹೊಸ ಅಕ್ಷರಗಳ ಸಮೇತ ಅಚ್ಚು ಹಾಕಿಕೊಟ್ಟವನೂ ಆರಿಗಿಯೇ. ಈ ಉತ್ಸಾಹ ಮೂರೇ ವರ್ಷ. 1527ರ ಮೇ ತಿಂಗಳಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಸಂಬಳ ಕಾಣದ ಸೈನಿಕರು ರೋಮಿಗೆ ನುಗ್ಗಿ ಲೂಟಿ ಮಾಡಿದರು. ಆ ವರ್ಷದ ನಂತರ ಆರಿಗಿಯ ಹೆಸರು ಎಲ್ಲೂ ಸಿಗುವುದಿಲ್ಲ. ಅವನ ಎರಡನೆಯ ಅಕ್ಷರದ ಮಾದರಿ ಆಂಟೋನಿಯೊ ಬ್ಲಾಡೊ ಎಂಬ ರೋಮಿನ ಮುದ್ರಕನಲ್ಲಿ ಉಳಿಯಿತು. ಮೆಕಿಯಾವೆಲ್ಲಿಯ ‘ರಾಜಕುಮಾರ’ ಕೃತಿಯನ್ನು 1532ರಲ್ಲಿ ಮೊದಲು ಮುದ್ರಿಸಿದವನು ಈ ಬ್ಲಾಡೊ.

ಇಲ್ಲಿಯವರೆಗೆ ಇಟಾಲಿಕ್ ಒಂದು ಸ್ವತಂತ್ರ ಅಕ್ಷರ. ಇಡೀ ಪುಸ್ತಕವೇ ಅದರಲ್ಲಿ ಇರುತ್ತಿತ್ತು. ಹದಿನಾರನೆಯ ಶತಮಾನದ ನಡುವಿನ ಹೊತ್ತಿಗೆ ಫ್ರಾನ್ಸಿನ ಮುದ್ರಕರ ಕೈಯಲ್ಲಿ ಅದರ ಹಣೆಬರಹ ಬದಲಾಯಿತು. ದೊಡ್ಡಕ್ಷರಗಳೂ ವಾಲಿದವು, ರೋಮನ್ನಿನ ಎತ್ತರಕ್ಕೆ ಸರಿಯಾಗಿ ಇಟಾಲಿಕ್ ಅಳತೆ ಹೊಂದಿಸಿಕೊಂಡಿತು, ರೋಮನ್ ಪುಟದೊಳಗೆ ಬೇಕಾದಾಗ ಬಂದು ಹೋಗುವ ನೆಂಟನಾಯಿತು. 1560ರ ಜಿನೀವಾ ಬೈಬಲ್ಲಿನಲ್ಲಿ ಮೂಲದಲ್ಲಿಲ್ಲದೆ ಅನುವಾದಕರು ಅರ್ಥಕ್ಕಾಗಿ ಸೇರಿಸಿದ ಪದಗಳನ್ನು ಇಟಾಲಿಕ್‌ನಲ್ಲಿ ಹಾಕಿದರು. ಇದು ದೇವರ ಮಾತು, ಇದು ನಮ್ಮದು ಎಂದು ಅಕ್ಷರದಿಂದಲೇ ಬೇರ್ಪಡಿಸಿದ ಪ್ರಾಮಾಣಿಕತೆ ದೊಡ್ಡದು. ಆದರೆ ಒತ್ತಿ ಹೇಳುವುದಕ್ಕೆ ಇಟಾಲಿಕ್ ಎಂಬ ರೂಢಿ ಬಲಿತ ಮೇಲೆ ಓದುಗ ಆ ಪದಗಳನ್ನೇ ಒತ್ತಿ ಓದುವ ಅಪಾಯವೂ ಹುಟ್ಟಿತು! 1623ರ ಶೇಕ್ಸ್‌ಪಿಯರ್ ನಾಟಕಗಳ ಸಂಪುಟದಲ್ಲಿ ಪಾತ್ರಗಳ ಹೆಸರೂ ರಂಗಸೂಚನೆಗಳೂ ಇಟಾಲಿಕ್‌ನಲ್ಲಿವೆ. ಪುಸ್ತಕಗಳ ಹೆಸರು, ಹಡಗುಗಳ ಹೆಸರು, ಗಿಡ-ಪ್ರಾಣಿಗಳ ಲ್ಯಾಟಿನ್ ಹೆಸರು, ಕೋರ್ಟು ತೀರ್ಪಿನಲ್ಲಿ ಮೊಕದ್ದಮೆಯ ಹೆಸರು, ಪರಭಾಷೆಯ ಪದ, ಹೀಗೆ ಚಾಕರಿ ಬೆಳೆಯುತ್ತ ಹೋಯಿತು. ಕಾವ್ಯ ಹೊತ್ತು ತಿರುಗಿದ ಅಕ್ಷರ ಗುಮಾಸ್ತಿಕೆಗೆ ಸೇರಿತು ಎನ್ನಬಹುದು. ಹುಟ್ಟಿದ್ದೇ ಗುಮಾಸ್ತರ ಮನೆಯಲ್ಲಿ ಎಂದು ಯಾರಾದರೂ ಆಕ್ಷೇಪಿಸಿದರೆ ನಾನು ಒಪ್ಪಿಕೊಳ್ಳಬೇಕಾದೀತು.

ಗರಿಯ ಗುಣ ಕ್ರಮೇಣ ಒಣಗಿತು. ಅದು ಮತ್ತೆ ಚಿಗುರಿದ್ದು ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ಎಡ್ವರ್ಡ್ ಜಾನ್‌ಸ್ಟನ್ 1906ರಲ್ಲಿ ಬರೆದ ಕೈಪಿಡಿಯಿಂದ ಅಗಲ ಬಾಯಿಯ ಲೇಖನಿ ಮತ್ತೆ ಬಳಕೆಗೆ ಬಂತು. ಮಾನೋಟೈಪ್ ಕಂಪನಿ 1923ರಲ್ಲಿ ಬ್ಲಾಡೊನ ಇಟಾಲಿಕ್ ಅನ್ನು ಯಂತ್ರಕ್ಕೆ ಅಳವಡಿಸಿತು. 1925ರಲ್ಲಿ ಫ್ರೆಡರಿಕ್ ವಾರ್ಡ್ ಎಂಬ ಅಮೆರಿಕನ್ ಆರಿಗಿಯ ಅಕ್ಷರವನ್ನು ಹೊಸದಾಗಿ ಕೊರೆಸಿದ. ಮುಂದೆ ಅದೇ ‘ಸೆಂಟಾರ್’ ಎಂಬ ಪ್ರಸಿದ್ಧ ರೋಮನ್ ಅಕ್ಷರದ ಜೊತೆಗಾರನಾಯಿತು.

ಆದರೆ ನನಗೆ ಹೆಚ್ಚು ಹಿಡಿಸುವುದು ಆಲ್ಫ್ರೆಡ್ ಫೇರ್‌ಬ್ಯಾಂಕನ ಪ್ರಸಂಗ. ಆತ ಬ್ರಿಟಿಷ್ ನೌಕಾಖಾತೆಯ ನೌಕರ, ಚಾನ್ಸರಿ ಬರಹದ ಉಪಾಸಕ. 1929ರಲ್ಲಿ ಮಾನೋಟೈಪ್ ‘ಬೆಂಬೊ’ ಎಂಬ ಅಕ್ಷರ ಹೊರತಂದಿತು. ಅದರ ರೋಮನ್ನಿನ ಮೂಲ, 1496ರಲ್ಲಿ ಆಲ್ಡಸ್‌ಗಾಗಿ ನಮ್ಮ ಗ್ರಿಫೊ ಕೊರೆದ ಅಕ್ಷರ. ಅದಕ್ಕೊಂದು ಇಟಾಲಿಕ್ ಜೊತೆ ಬೇಕಿತ್ತು. ಫೇರ್‌ಬ್ಯಾಂಕ್ ಬರೆದ ಅಕ್ಷರಗಳನ್ನು ಕಂಪನಿ ಕೊಂಡು, ಕೊರೆಸಿ ನೋಡಿತು. ಅವು ಎಷ್ಟು ಜೀವಂತವಾಗಿದ್ದವೆಂದರೆ ಪುಟದಲ್ಲಿ ಒಂದು ಪದವನ್ನು ಹಾಕಿದರೆ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಜೊತೆಗಾರನಾಗಲು ಅದರ ವ್ಯಕ್ತಿತ್ವ ಅತಿಯಾಯಿತೆಂದು ಕಂಪನಿ ಬೇರೊಂದು ಸಾಧು ಇಟಾಲಿಕ್ ಮಾಡಿಸಿ ಬೆಂಬೊಗೆ ಜೋಡಿಸಿತು. ಫೇರ್‌ಬ್ಯಾಂಕನದನ್ನು ಬೇರೆಯಾಗಿ, ಒಂಟಿಯಾಗಿ ಮಾರಿತು. ಕವನಗಳ ಪುಟ್ಟ ಪುಸ್ತಕವನ್ನು ಇಡಿಯಾಗಿ ಅದರಲ್ಲಿ ಜೋಡಿಸಿದರೆ ಎಷ್ಟು ಚೆನ್ನ! ದೀರ್ಘ ಗದ್ಯಕ್ಕೆ ಮಾತ್ರ ಅದು ಬೇಡ, ಹತ್ತು ಪುಟಕ್ಕೆ ಕಣ್ಣು ದಣಿಯುತ್ತದೆ.

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ರೀಡ್ ಕಾಲೇಜಿನಲ್ಲಿ ಲಾಯ್ಡ್ ರೆನಾಲ್ಡ್ಸ್ ಎಂಬ ಅಧ್ಯಾಪಕ ಇದೇ ಬರಹವನ್ನು ಒಂದು ತಲೆಮಾರಿಗೆ ಕಲಿಸಿದ. ಅವನ ನಂತರ ಬಂದವರು ರಾಬರ್ಟ್ ಪಲ್ಲಾಡಿನೊ, ಹಿಂದೆ ಟ್ರಾಪಿಸ್ಟ್ ಮಠದಲ್ಲಿ ಸನ್ಯಾಸಿಯಾಗಿದ್ದವರು. ಅವರ ತರಗತಿಯಲ್ಲಿ, ಕಾಲೇಜಿಗೆ ಶುಲ್ಕ ಕಟ್ಟುವುದನ್ನು ನಿಲ್ಲಿಸಿದ್ದ ಹುಡುಗನೊಬ್ಬ ಬಂದು ಕೂರುತ್ತಿದ್ದ. ಹೆಸರು ಸ್ಟೀವ್ ಜಾಬ್ಸ್. ಮ್ಯಾಕಿಂಟಾಷ್ ಕಂಪ್ಯೂಟರಿನಲ್ಲಿ ಅಂದವಾದ ಅಕ್ಷರಗಳಿರುವುದಕ್ಕೆ ಆ ತರಗತಿಯೇ ಕಾರಣವೆಂದು ಜಾಬ್ಸ್ 2005ರ ಭಾಷಣವೊಂದರಲ್ಲಿ ಹೇಳಿದರು. 1984ರ ಮೊದಲ ಮ್ಯಾಕಿಂಟಾಷ್‌ನಲ್ಲಿ ಚಾನ್ಸರಿ ಮಾದರಿಯ ಅಕ್ಷರವೊಂದಿತ್ತು. ಅದರ ಹೆಸರು ‘ವೆನಿಸ್’. ಜರ್ಮನಿಯ ಹರ್ಮನ್ ಜಾಫ್ 1979ರಲ್ಲಿ ರಚಿಸಿದ ‘ಜಾಫ್ ಚಾನ್ಸರಿ’ 1986ರ ಲೇಸರ್‌ರೈಟರ್ ಪ್ಲಸ್ ಮುದ್ರಕದೊಳಗಿನ 35 ಅಕ್ಷರಗಳಲ್ಲಿ ಒಂದಾಗಿ ಕಚೇರಿ ಕಚೇರಿಗೂ ಹೊಕ್ಕಿತು. ಅದರ ಬೆನ್ನಿಗೆ ಬಂದ ‘ಮಾನೋಟೈಪ್ ಕಾರ್ಸಿವಾ’ ನಮ್ಮ ಡಿಟಿಪಿ ಅಂಗಡಿಗಳಿಗೂ ಬಂತು. ಕರೆಯೋಲೆಯಲ್ಲಿ ಕಾಣುವುದು ಅನೇಕ ವೇಳೆ ಅದೇ.

ಅದೇ ಕಂಪ್ಯೂಟರಿನಲ್ಲಿ ಇಟಾಲಿಕ್ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಕನ್ನಡ ಅಕ್ಷರ ಬರಿದೇ ವಾಲುತ್ತದೆ. ಯಾವ ಅಕ್ಷರದ ರೂಪವೂ ಬದಲಾಗುವುದಿಲ್ಲ, ತಲೆಕಟ್ಟು ಒತ್ತಕ್ಷರಗಳೆಲ್ಲ ಒಟ್ಟಿಗೆ ಜಾರಿದಂತೆ ಕಾಣುತ್ತವೆ. ಓಡುವ ಬರಹ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಶಾನುಭೋಗರ ಕಡತಗಳಲ್ಲಿ ಮೋಡಿ ಅಕ್ಷರವಿತ್ತು. ಮರಾಠಿಯ ಮೋಡಿಗೆ ಅಚ್ಚಿನ ಮೊಳೆಯನ್ನೂ ಮಾಡಿ, ವಿಲಿಯಂ ಕೇರಿ 1810ರಲ್ಲಿ ಸೆರಾಂಪುರದಿಂದ ಮರಾಠಿ ನಿಘಂಟೊಂದನ್ನು ಅದರಲ್ಲಿ ಹೊರತಂದಿದ್ದ. ಕನ್ನಡದ ಅಚ್ಚು ಮಾತ್ರ ದುಂಡಕ್ಷರದಲ್ಲೇ ನಿಂತಿತು. ಕೈಯ ಬಳುಕು ಬೇಕಾದಾಗ ನಮ್ಮ ವಾರಪತ್ರಿಕೆಗಳು, ಮಾಸಪತ್ರಿಕೆಗಳು ಮೊಳೆಪೆಟ್ಟಿಗೆಯ ಕಡೆ ನೋಡುತ್ತಿರಲಿಲ್ಲ; ಕಥೆಯ ಶೀರ್ಷಿಕೆಯನ್ನು ಕಲಾವಿದನಿಂದ ಕುಂಚದಲ್ಲಿ ಬರೆಸಿ, ಬ್ಲಾಕ್ ಮಾಡಿಸಿ, ಮೊಳೆಗಳ ಸಾಲಿನ ಮೇಲೆ ಕೂರಿಸುತ್ತಿದ್ದವು. ಹಳೆಯ ಸಂಚಿಕೆಗಳನ್ನು ತಿರುವಿದರೆ ಒಂದೊಂದು ಕಥೆಗೂ ಒಂದೊಂದು ಕೈಯ ‘ಅ’ ಸಿಗುತ್ತದೆ.